ಆರಕ್ಕೇರಿದ ವರ್ಷ

ಆರಕ್ಕೇರದ, ಮೂರಕ್ಕಿಳಿಯದ ಬಾಳು ಅಂತ ನಮ್ಮಲ್ಲಿ ಒಂದು ಮಾತಿದೆ. ಇಂಡಿಯಾನ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಮೂರಕ್ಕಿಳಿಯುವುದು ಚೆನ್ನಾಗಿ ಗೊತ್ತಿತ್ತು. ಹೋದ ವರ್ಷ ಹನ್ನೆರಡು ಆಟಗಳಲ್ಲಿ ಗೆದ್ದದ್ದು 3. ಅದರ ಹಿಂದಿನ ವರ್ಷ 4. ಅದಕ್ಕೂ ಹಿಂದೆ, 2021ರಲ್ಲಿ, ಬರೀ 2. ಅದೇ ತಂಡ ಈ ವರ್ಷ, 2024ರಲ್ಲಿ, ಅರ್ಧ ದಾರಿಗೇ ಆಡಿದ ಆರನ್ನೂ ಗೆದ್ದು ಕೂತಿದೆ. ಹೀಗೆ ಶುರುವಾದದ್ದು ಈ ಮೊದಲು 1967ರಲ್ಲಿ. ಕಳೆದ ಶನಿವಾರ ನಮಗೆ ಬಿಡುವು, ಆಟವಿರಲಿಲ್ಲ. ಬರುವ ಶನಿವಾರ ನೆಬ್ರಾಸ್ಕ ತಂಡ ಬರುತ್ತದೆ. ಈ ನಡುವಿನ ಪುರುಸೊತ್ತಿನಲ್ಲಿ ನಮ್ಮ ಹುಡುಗರ ಆಟವನ್ನು ಸ್ವಲ್ಪ ತೂಗಿ ನೋಡಬೇಕು ಅನ್ನಿಸಿತು.

ಊರಿನ ಓದುಗರಿಗಾಗಿ ಎರಡು ಮಾತು. ಇದು ಅಮೆರಿಕದ ಫುಟ್‌ಬಾಲ್. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಎಸೆಯಬಹುದು. ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತವೆ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಗಡಿ ದಾಟಿಸಿದರೆ ಟಚ್‌ಡೌನ್, 6 ಅಂಕ, ಮೇಲೊಂದು ಒದೆತಕ್ಕೆ ಇನ್ನೊಂದು. ಕಾಲೇಜು ತಂಡಗಳಿಗೆ ವರ್ಷಕ್ಕೆ ಹನ್ನೆರಡೇ ಆಟ. ಒಂದು ಶನಿವಾರ ಕೈತಪ್ಪಿದರೆ ತುಂಬಿಕೊಳ್ಳಲು ಅವಕಾಶ ಕಡಿಮೆ. ಆರು ಗೆದ್ದವರಿಗೆ ವರ್ಷದ ಕೊನೆಗೆ ‘ಬೌಲ್’ ಎಂಬ ಇನ್ನೊಂದು ಆಟದ ಅರ್ಹತೆ ಬರುತ್ತದೆ. ನಮಗೆ ಅದು ಅಕ್ಟೋಬರ್ 5ಕ್ಕೇ ಬಂತು. ಈ ವರ್ಷದಿಂದ ಚಾಂಪಿಯನ್‌ಷಿಪ್ಪಿನ ಕಣಕ್ಕೆ ನಾಲ್ಕರ ಬದಲು ಹನ್ನೆರಡು ತಂಡಗಳನ್ನು ಕರೆಯುತ್ತಾರೆ. ಆ ಹನ್ನೆರಡರಲ್ಲಿ ಇಂಡಿಯಾನ ಇದ್ದೀತೇ ಎಂದು ಟೀವಿಯವರು ಗಂಭೀರವಾಗಿ ಚರ್ಚಿಸುವುದನ್ನು ಕೇಳುವಾಗ ಮೈ ಜುಮ್ಮೆನ್ನುತ್ತದೆ.

ಯಾಕೆಂದರೆ 2024ರ ಈ ಹೊತ್ತಿಗೆ ದೊಡ್ಡ ಮಟ್ಟದ ಕಾಲೇಜು ಫುಟ್‌ಬಾಲಿನಲ್ಲಿ ಅತಿ ಹೆಚ್ಚು ಆಟ ಸೋತ ತಂಡ ನಮ್ಮದು. ಸೋಲಿನ ಲೆಕ್ಕ 700 ದಾಟಿದೆ. ನಾವಾಡುವ ಬಿಗ್ ಟೆನ್ ಲೀಗನ್ನು ಗೆದ್ದದ್ದು 1945ರಲ್ಲಿ ಒಮ್ಮೆ, 1967ರಲ್ಲಿ ಇತರರ ಜೊತೆ ಹಂಚಿಕೊಂಡು ಇನ್ನೊಮ್ಮೆ. ಕೊನೆಯ ಬೌಲ್ ಗೆಲುವು 1991ರದು. ವಿಶ್ವವಿದ್ಯಾಲಯವಿರುವ ಬ್ಲೂಮಿಂಗ್ಟನ್ ಬ್ಯಾಸ್ಕೆಟ್‌ಬಾಲ್‌ಗೆ ಮನಸ್ಸು ಕೊಟ್ಟ ಊರು. ಅಸೆಂಬ್ಲಿ ಹಾಲ್‌ನಲ್ಲಿ ಐದು ರಾಷ್ಟ್ರೀಯ ಚಾಂಪಿಯನ್‌ಷಿಪ್ಪುಗಳ ಬಾವುಟ ತೂಗುತ್ತವೆ. ಪಕ್ಕದಲ್ಲೇ ಇರುವ ಫುಟ್‌ಬಾಲ್ ಸ್ಟೇಡಿಯಂಗೆ ಜನ ಬರುತ್ತಿದ್ದರು, ಆದರೆ ಹೊರಗಿನ ಮೈದಾನದಲ್ಲಿ ತಿಂದು ಕುಡಿದು ಹರಟಿ, ಅರ್ಧ ಆಟಕ್ಕೆ ಎದ್ದು ಹೋಗುತ್ತಿದ್ದರು. ಅವರನ್ನು ದೂರಲಾರೆ. ಸೋಲನ್ನು ಪೂರ್ತಿ ಕೂತು ನೋಡುವುದು ಸುಲಭವಲ್ಲ.

ಬ್ಲೂಮಿಂಗ್ಟನ್ ಅಂದಾಗ ಕನ್ನಡಿಗರಿಗೆ ನೆನಪಾಗಬೇಕಾದ ಹೆಸರು ಎ.ಕೆ. ರಾಮಾನುಜನ್ ಅವರದು. 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಅಮೆರಿಕಕ್ಕೆ ಬಂದ ಅವರು ಭಾಷಾವಿಜ್ಞಾನದಲ್ಲಿ ಪಿಎಚ್‌.ಡಿ. ಪಡೆದದ್ದು ಇಲ್ಲೇ, 1963ರಲ್ಲಿ. ಈಗಿನ ಮೆಮೋರಿಯಲ್ ಸ್ಟೇಡಿಯಂ ತೆರೆದದ್ದು 1960ರಲ್ಲಿ. ಅಂದರೆ ಮೈಸೂರಿನಿಂದ ಬಂದ ಆ ಕವಿ ಗ್ರಂಥಾಲಯದಲ್ಲಿ ವ್ಯಾಕರಣದ ಲೆಕ್ಕ ಬಿಡಿಸುತ್ತಿದ್ದ ಕಾಲಕ್ಕೇ ಈ ಕಡೆ ಹೊಸ ಸ್ಟೇಡಿಯಂನಲ್ಲಿ ಬ್ಯಾಂಡು ಬಾರಿಸಲು ತೊಡಗಿತ್ತು. ಕ್ಯಾಂಪಸ್ಸಿನ ಸುಣ್ಣಕಲ್ಲಿನ ಕಟ್ಟಡಗಳ ನಡುವೆ ನಡೆಯುವಾಗೆಲ್ಲ ಅವರು ನೆನಪಾಗುತ್ತಾರೆ. ಈ ಸೀಮೆಯ ಕಲ್ಲು ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೂ ಹೋಗಿದೆ.

ಕಲ್ಲಿನ ಮಾತು ಬಂತು. ಸ್ಟೇಡಿಯಂನ ಉತ್ತರದ ತುದಿಯಲ್ಲಿ ಒಂದು ಬಂಡೆಯಿದೆ. ಮೈದಾನಕ್ಕೆ ಇಳಿಯುವ ಆಟಗಾರರು ಅದನ್ನು ಮುಟ್ಟಿ ಬರುತ್ತಾರೆ. ಅದನ್ನು ಅಲ್ಲಿ ಇಡಿಸಿದವರು ಟೆರಿ ಹೆಪ್ನರ್. 2005ರಲ್ಲಿ ಕೋಚ್ ಆಗಿ ಬಂದ ಹೆಪ್ನರ್ ಊರೂರು ಸುತ್ತಿ, ಬನ್ನಿ ಆಟ ನೋಡಿ ಎಂದು ಜನರನ್ನು ಕರೆದ ಮನುಷ್ಯ. ಹನ್ನೆರಡು ಆಟದ ಮೇಲೆ ಹದಿಮೂರನೆಯದನ್ನೂ ಆಡಬೇಕು, ಅಂದರೆ ಬೌಲ್ ಮುಟ್ಟಬೇಕು ಎಂಬುದೇ ಅವರ ಜಪ. ಮೆದುಳಿನ ಕ್ಯಾನ್ಸರ್ ಬಂತು. 2007ರ ಜೂನ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಅವರ ಹುಡುಗರು ಕೊನೆಯ ಗಳಿಗೆಯಲ್ಲಿ 49 ಗಜದಿಂದ ಒದ್ದ ಚೆಂಡಿನಿಂದ ಪರ್ಡ್ಯೂ ತಂಡವನ್ನು 27-24ರಲ್ಲಿ ಮಣಿಸಿ, 1993ರ ನಂತರ ಮೊದಲ ಸಲ ಬೌಲ್ ಸೇರಿದರು. ಬೌಲ್‌ನಲ್ಲಿ ಸೋತರು, ನಿಜ. ಆದರೆ ಹದಿಮೂರನೆಯ ಆಟ ಆಡಿದರು. ಇಂಡಿಯಾನ ಅಭಿಮಾನಿಯ ಎದೆಯಲ್ಲಿ ಹೆಪ್ನರ್‌ಗಿರುವ ಜಾಗವನ್ನು ಇನ್ನು ನೂರು ಗೆಲುವು ಬಂದರೂ ಬೇರೆಯವರು ತುಂಬಲಾರರು.

ಅಲ್ಲಿಂದ ಮುಂದೆ ನಮ್ಮ ದೊಡ್ಡ ಗೆಲುವು 2020ರದು. ಪೆನ್ ಸ್ಟೇಟ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಮೈಕಲ್ ಪೆನಿಕ್ಸ್ ಎಂಬ, ತಂಡದ ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಗಾಳಿಯಲ್ಲಿ ಅಡ್ಡಡ್ಡ ಹಾರಿ, ಕೈ ಚಾಚಿ, ಗಡಿಯ ಮೂಲೆಗಂಬಕ್ಕೆ ಚೆಂಡು ತಾಕಿಸಿ 36-35ಕ್ಕೆ ಗೆಲ್ಲಿಸಿದ. ಕೋವಿಡ್ ಕಾಲ, ಸ್ಟೇಡಿಯಂ ಖಾಲಿ. ಜನ್ಮಕ್ಕೊಮ್ಮೆ ಬರುವ ಗಳಿಗೆಯನ್ನು ಜನ ಮನೆಮನೆಯಲ್ಲಿ ಕೂತು ನೋಡಬೇಕಾಯಿತು. ಆ ಪೆನಿಕ್ಸ್ ಆಮೇಲೆ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಹೋಗಿ, ಅಲ್ಲಿನ ತಂಡವನ್ನು ರಾಷ್ಟ್ರೀಯ ಫೈನಲ್‌ವರೆಗೆ ಒಯ್ದ. ಅವನಿಗೆ ಅಲ್ಲಿ ಕೋಚ್ ಆಗಿದ್ದವರು ಕೇಲನ್ ಡಿಬೋರ್. ಅವರೂ 2019ರಲ್ಲಿ ನಮ್ಮಲ್ಲೇ ಇದ್ದವರು, ಈಗ ಅಲಬಾಮದ ಮುಖ್ಯ ಕೋಚ್. ಬಹುಕಾಲ ನಮ್ಮ ಪಾಡು ಇದೇ ಆಗಿತ್ತು. ಒಳ್ಳೆಯವರು ಬಂದು ಬೆಳೆದು ಹೊರಟುಬಿಡುತ್ತಿದ್ದರು. ಈ ವರ್ಷ, ಅದಕ್ಕೆ ತದ್ವಿರುದ್ಧವಾಗಿ, ಬೇರೆಡೆ ಬೆಳೆದು ಪಳಗಿದವರು ನಮ್ಮಲ್ಲಿಗೆ ಬಂದಿದ್ದಾರೆ.

ಅವರನ್ನು ಕರೆತಂದವರು ಹೊಸ ಕೋಚ್ ಕರ್ಟ್ ಸಿಗ್ನೆಟ್ಟಿ. ಹಳೆಯ ಕೋಚನ್ನು ಬಿಡಿಸಿ ಕಳಿಸಲು ವಿಶ್ವವಿದ್ಯಾಲಯ 1.55 ಕೋಟಿ ಡಾಲರ್ ಕೊಡಲು ಒಪ್ಪಿತು. ಪಾಠ ಹೇಳುವ ಪಿಎಚ್‌.ಡಿ. ವಿದ್ಯಾರ್ಥಿಗಳು ಸಂಬಳ ಸಾಲದೆಂದು 2022ರಲ್ಲಿ ಮುಷ್ಕರ ಹೂಡಿದ್ದ ಕ್ಯಾಂಪಸ್ಸಿನಲ್ಲಿ ಈ ಮೊತ್ತ ನನಗಂತೂ ಇವತ್ತಿಗೂ ಚುಚ್ಚುತ್ತದೆ. ಆದರೆ ಬಂದ ಮನುಷ್ಯನ ಆಯ್ಕೆಯಲ್ಲಿ ತಪ್ಪು ಹುಡುಕಲಾರೆ. ಸಿಗ್ನೆಟ್ಟಿಗೆ ಈಗ 63. ಅಲಬಾಮದಲ್ಲಿ ಆಗಿನ ಮುಖ್ಯ ಕೋಚ್ ನಿಕ್ ಸೇಬನ್ ಕೈಕೆಳಗೆ ಇದ್ದವರು, 2009ರ ರಾಷ್ಟ್ರೀಯ ಚಾಂಪಿಯನ್‌ಷಿಪ್ ಕಂಡವರು. ಆ ಕುರ್ಚಿ ಬಿಟ್ಟು 2011ರಲ್ಲಿ ಪೆನ್ಸಿಲ್ವೇನಿಯದ ಒಂದು ಎರಡನೆಯ ದರ್ಜೆಯ ಕಾಲೇಜು ತಂಡಕ್ಕೆ ಮುಖ್ಯ ಕೋಚ್ ಆಗಿ ಹೋದರು. ಅವರ ತಂದೆಯೂ ಹಿಂದೆ ಕೋಚ್ ಆಗಿದ್ದ ತಂಡವದು. ಅಲ್ಲಿಂದ ಈಲಾನ್, ಆಮೇಲೆ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯ. ಹೋದಲ್ಲೆಲ್ಲ ಗೆದ್ದರು. ಇಲ್ಲಿಗೆ ಬಂದ ಹೊಸತರಲ್ಲಿ ಪತ್ರಕರ್ತರು ಕೇಳಿದಾಗ, ನಾನು ಗೆಲ್ಲುತ್ತೇನೆ, ಬೇಕಾದರೆ ಗೂಗಲ್ ಮಾಡಿ ನೋಡಿ ಎಂದುಬಿಟ್ಟರು. ಹಲವರಿಗೆ ಅದು ಜಂಬವಾಗಿ ಕೇಳಿಸಿತು. ನನಗೆ ಕೇಳಿಸಿದ್ದು, ಕೆಳಗಿನ ಮೆಟ್ಟಿಲಿಂದ ಒಂದೊಂದೇ ಹತ್ತಿ ಬಂದವನ ಮಾತು.

ಆರು ಆಟಗಳ ಲೆಕ್ಕ ಹೀಗಿದೆ. ಫ್ಲಾರಿಡ ಇಂಟರ್‌ನ್ಯಾಷನಲ್ ಮೇಲೆ 31-7. ವೆಸ್ಟರ್ನ್ ಇಲಿನಾಯ್ ಮೇಲೆ 77-3. ಪಸಾಡಿನಾದ ರೋಸ್ ಬೌಲ್ ಮೈದಾನದಲ್ಲಿ ಯುಸಿಎಲ್‌ಎ ಮೇಲೆ 42-13. 1968ರ ಹೊಸವರ್ಷದ ದಿನ ನಮ್ಮ 67ರ ತಂಡ ಸದರ್ನ್ ಕ್ಯಾಲಿಫೋರ್ನಿಯಕ್ಕೆ 14-3ರಲ್ಲಿ ಸೋತದ್ದು ಇದೇ ಹುಲ್ಲಿನ ಮೇಲೆ. ಹಾಗಾಗಿ ಈ ಗೆಲುವು ಹಳೆಯ ಅಭಿಮಾನಿಗಳಿಗೆ ಅಂಕಪಟ್ಟಿಗಿಂತ ಹೆಚ್ಚಿನದು. ಷಾರ್ಲಟ್ ಮೇಲೆ 52-14, ಮೇರಿಲೆಂಡ್ ಮೇಲೆ 42-28, ಮಿಷಿಗನ್ ಸರೋವರದ ದಂಡೆಯ ಪುಟ್ಟ ಮೈದಾನದಲ್ಲಿ ನಾರ್ತ್‌ವೆಸ್ಟರ್ನ್ ಮೇಲೆ 41-24. ಒಟ್ಟು ಗಳಿಸಿದ್ದು 285, ಆಟಕ್ಕೆ ಸರಾಸರಿ 47.5. ಇದೆಲ್ಲಕ್ಕಿಂತ ನನಗೆ ಮುಖ್ಯವೆನಿಸುವ ಸಂಗತಿ ಇನ್ನೊಂದಿದೆ. ಈ ಆರರಲ್ಲಿ ಒಂದೇ ಒಂದು ಗಳಿಗೆಯೂ ತಂಡ ಹಿನ್ನಡೆಯಲ್ಲಿ ಇರಲಿಲ್ಲ. ಅದೃಷ್ಟದಿಂದ ಒಂದು ಆಟ ಗೆಲ್ಲಬಹುದು, ಎರಡು ಗೆಲ್ಲಬಹುದು. ಆರು ಆಟದುದ್ದಕ್ಕೂ ಮುಂದೆಯೇ ಇರಬೇಕಾದರೆ ಕಸುಬು ಬೇಕು.

ಆ ಕಸುಬನ್ನು ನೋಡಬೇಕಾದರೆ ಕ್ವಾರ್ಟರ್‌ಬ್ಯಾಕ್ ಕರ್ಟಿಸ್ ರೋರ್ಕ್‌ನ ಕೈ ನೋಡಬೇಕು. ಕೆನಡದ ಹುಡುಗ, ಒಹಾಯೊ ಯೂನಿವರ್ಸಿಟಿಯಲ್ಲಿ ಐದು ವರ್ಷ ಪಳಗಿ ಬಂದವನು. ಚೆಂಡು ಹಿಂದಕ್ಕೆ ಬಂದ ಕೂಡಲೇ ಅದನ್ನು ಪಕ್ಕದಲ್ಲಿ ಓಡಿ ಬರುವ ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ಒತ್ತಿ ಹಿಡಿಯುತ್ತಾನೆ. ಕೊಟ್ಟಿರುವುದಿಲ್ಲ, ಬಿಟ್ಟಿರುವುದೂ ಇಲ್ಲ. ಇಬ್ಬರೂ ಹಾಗೆಯೇ ಎರಡು ಹೆಜ್ಜೆ ಒಟ್ಟಿಗೆ ಹೋಗುತ್ತಾರೆ. ರೋರ್ಕ್‌ನ ಕಣ್ಣು ಮಾತ್ರ ಎದುರು ತಂಡದ ಮೊದಲ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಮೇಲೆ. ಕಬಡ್ಡಿಯಲ್ಲಿ ಪಳಗಿದ ರೈಡರ್ ಕಾರ್ನರ್‌ನಲ್ಲಿ ನಿಂತವನ ಪಾದ ನೋಡಿ ಕಾಲು ಚಾಚುತ್ತಾನಲ್ಲ, ಹಾಗೆ. ಲೈನ್‌ಬ್ಯಾಕರ್ ಓಟ ತಡೆಯಲು ಒಂದು ಹೆಜ್ಜೆ ಮುಂದಿಟ್ಟರೆ ಅವನ ಬೆನ್ನ ಹಿಂದೆ ಜಾಗ ಬಯಲಾಗುತ್ತದೆ, ಚೆಂಡು ಸರಕ್ಕನೆ ಹೊರಬಂದು ಅಲ್ಲಿಗೆ ಹಾರುತ್ತದೆ. ಅವನು ಹಿಂದೆಯೇ ನಿಂತರೆ ಚೆಂಡು ಓಡುವವನಲ್ಲೇ ಉಳಿಯುತ್ತದೆ. ಎದುರಾಳಿ ಏನು ಮಾಡಿದರೂ ತಪ್ಪಾಗುತ್ತದೆ. ಚೆಂಡು ಹಿಡಿಯುವವರಲ್ಲಿ ಇಲೈಜಾ ಸರಾಟ್ ಎಂಬವನಿದ್ದಾನೆ. ಸಣ್ಣ ಸೇಂಟ್ ಫ್ರಾನ್ಸಿಸ್ ಕಾಲೇಜಿನಿಂದ ಜೇಮ್ಸ್ ಮ್ಯಾಡಿಸನ್‌ಗೆ, ಅಲ್ಲಿಂದ ಇಲ್ಲಿಗೆ ಬಂದವನು. ಗೆಳೆಯರು ಅವನಿಗೆ ಇಟ್ಟ ಹೆಸರು ‘ವಾಫಲ್ ಹೌಸ್’. ಹಗಲು ರಾತ್ರಿ ಬಾಗಿಲು ಹಾಕದ ಹೋಟೆಲಿನ ಹೆಸರದು. ಸರಾಟ್ ಕೂಡ ಯಾವಾಗ ನೋಡಿದರೂ ಯಾರ ಕಾವಲಿಗೂ ಸಿಗದೆ ಚೆಂಡಿಗೆ ತೆರೆದುಕೊಂಡೇ ಇರುತ್ತಾನೆ.

ಹಾಗಂತ ಕಣ್ಣು ಮುಚ್ಚಿ ಹೊಗಳುತ್ತಿಲ್ಲ. ಕೊಲಂಬಸ್‌ನಲ್ಲಿ ಹಾಸನದ ಕಡೆಯ ಹಿರಿಯ ಸ್ನೇಹಿತರೊಬ್ಬರಿದ್ದಾರೆ, ಒಹಾಯೊ ಸ್ಟೇಟ್ ಪರ. ಮೊನ್ನೆ ಓರೆಗಾನ್ ಎದುರು ಅವರ ತಂಡ 32-31ರಲ್ಲಿ ಸೋತ ನೋವಿನಲ್ಲೂ ನನಗೆ ಫೋನ್ ಮಾಡಿದರು.

“ಆರು ಗೆದ್ರಿ, ಸಂತೋಷ ಕಣ್ರೀ. ಆದ್ರೆ ಯಾರ ಮೇಲೆ ಗೆದ್ರಿ ಹೇಳಿ. ಗಟ್ಟಿ ತಂಡ ಒಂದಾದ್ರೂ ಇತ್ತಾ?”

“ಇರ್ಲಿಲ್ಲ ಸಾರ್, ಒಪ್ತೀನಿ. ಆದ್ರೆ ಹೋದ ವರ್ಷ ಇಂಥವರ ಹತ್ರಾನೂ ಸೋತಿದ್ವಲ್ಲ?”

ಅವರ ಮಾತಿನಲ್ಲಿ ಹುರುಳಿದೆ. ಮೊದಲ ನಾಲ್ಕು ಆಟಗಳಲ್ಲಿ ನಾವು ಬಿಟ್ಟುಕೊಟ್ಟದ್ದು ಒಟ್ಟು 37 ಅಂಕ. ಕೊನೆಯ ಎರಡರಲ್ಲೇ 52. ಎದುರಾಳಿ ಸ್ವಲ್ಪ ಬಲವಾದ ಕೂಡಲೇ ನಮ್ಮ ಡಿಫೆನ್ಸ್ ಸಡಿಲಿತು. ಮುಂದಿನ ಸಾಲಿನಲ್ಲಿ ಮಿಕೈಲ್ ಕಮಾರ, ನಡುವೆ ಏಡನ್ ಫಿಷರ್, ಅಂಚಿನಲ್ಲಿ ಡಿ’ಆಂಜೆಲೊ ಪಾಂಡ್ಸ್ ಚುರುಕಾಗಿದ್ದಾರೆ. ಆದರೆ ದೊಡ್ಡ ತಂಡಗಳ ಆನೆಯಂಥ ಆಳುಗಳು ಮೈಮೇಲೆ ಬೀಳತೊಡಗಿದಾಗ ನಾಲ್ಕನೆಯ ಕ್ವಾರ್ಟರ್ ಹೊತ್ತಿಗೆ ಇವರ ಕಾಲಲ್ಲಿ ಕಸುವು ಉಳಿದೀತೇ? ರೋರ್ಕ್‌ಗೆ ಪೆಟ್ಟಾದರೆ ಮುಂದೇನು? ಈ ಎರಡು ಚಿಂತೆ ನನ್ನನ್ನು ಬಿಟ್ಟಿಲ್ಲ.

ಇದು ಇಂಡಿಯಾನದ ತಂಡವೇ ಅಲ್ಲ, ಬಾಡಿಗೆಯ ತಂಡ ಎಂದು ಹೇಳುವವರಿದ್ದಾರೆ. ಅದನ್ನು ಮಾತ್ರ ನಾನು ಒಪ್ಪಲಾರೆ. ಆಟಗಾರರು ವರ್ಷ ಕಳೆದುಕೊಳ್ಳದೆ ಕಾಲೇಜು ಬದಲಿಸಬಹುದು ಎಂಬ ನಿಯಮ ಈಗ ಎಲ್ಲರಿಗೂ ಇದೆ. ಸಿಗ್ನೆಟ್ಟಿ ಜೇಮ್ಸ್ ಮ್ಯಾಡಿಸನ್‌ನಿಂದಲೇ 13 ಮಂದಿಯನ್ನು ಕರೆತಂದರು. ಹೈಸ್ಕೂಲಿನಲ್ಲಿ ಯಾರಿಗೆ ಎಷ್ಟು ಸ್ಟಾರ್ ಕೊಟ್ಟಿದ್ದರು ಎಂದು ನೋಡಲಿಲ್ಲ, ಕಾಲೇಜು ಮೈದಾನದಲ್ಲಿ ಮಾಡಿ ತೋರಿಸಿದ್ದೇನು ಎಂದು ನೋಡಿದರು. ಹೀಗೆ ಬಂದವರ ಜೊತೆಯಲ್ಲೇ ಸೆಂಟರ್ ಜಾಗದಲ್ಲಿ ಮೈಕ್ ಕ್ಯಾಟಿಕ್ ನಿಲ್ಲುತ್ತಾನೆ. ಅವನಿಗಿದು ಇಲ್ಲಿ ಆರನೆಯ ವರ್ಷ. 2020ರ ಸಂಭ್ರಮವನ್ನೂ ಆಮೇಲಿನ ಮೂರು ವರ್ಷದ ಸೋಲುಗಳನ್ನೂ ಇದೇ ಅಂಗಿಯಲ್ಲಿ ಕಂಡವನು. ಬೇರೆಡೆಗೆ ಹೋಗಬಹುದಿತ್ತು, ಹೋಗಲಿಲ್ಲ. ಪ್ರತಿ ಸಲವೂ ಚೆಂಡು ಮೊದಲು ಇರುವುದು ಅವನ ಕೈಯಲ್ಲಿ. ಬಂದವರು ಮತ್ತು ಉಳಿದವರು ಒಬ್ಬರ ಭುಜಕ್ಕೊಬ್ಬರು ತಾಗಿ ನಿಂತು ಆಡುವುದನ್ನು ನೋಡಿದ ಮೇಲೆ ಇದು ಯಾರ ತಂಡ ಎಂಬ ಪ್ರಶ್ನೆ ನನ್ನಲ್ಲಿ ಏಳುವುದಿಲ್ಲ.

ಇನ್ನುಳಿದ ಆರು. ನೆಬ್ರಾಸ್ಕ ಐದು ಗೆದ್ದು ಒಂದು ಸೋತು ಬರುತ್ತಿದೆ, ನಮ್ಮಂತೆಯೇ ವಿಶ್ರಾಂತಿ ಪಡೆದು. ಆಮೇಲೆ ಪೆನಿಕ್ಸ್ ಇಲ್ಲದ ವಾಷಿಂಗ್ಟನ್. ಬಳಿಕ ಮಿಷಿಗನ್ ಸ್ಟೇಟ್, ಕಳೆದ ಸಾಲಿನ ಚಾಂಪಿಯನ್ ಮಿಷಿಗನ್, ನವೆಂಬರ್ 23ಕ್ಕೆ ಕೊಲಂಬಸ್‌ನಲ್ಲಿ ಒಹಾಯೊ ಸ್ಟೇಟ್, ಕೊನೆಗೆ ಪರ್ಡ್ಯೂ. ಇವುಗಳಲ್ಲಿ ನಾಲ್ಕು ಖಂಡಿತ ನಮ್ಮದಾಗುತ್ತವೆ, ಐದಾದರೆ ನನಗೆ ಆಶ್ಚರ್ಯವಿಲ್ಲ. ನೆಬ್ರಾಸ್ಕ ಎದುರು ನಾನು ನೋಡುವುದು ಇಷ್ಟು: ಮೂರನೆಯ ಪ್ರಯತ್ನದಲ್ಲಿ ನಮ್ಮ ಡಿಫೆನ್ಸ್ ಅವರನ್ನು ತಡೆದು ನಿಲ್ಲಿಸುತ್ತದೆಯೇ, ಅರ್ಧ ಆಟದ ನಂತರವೂ ಜನ ಕೂತಿರುತ್ತಾರೆಯೇ. ಹಾಸನದ ಸ್ನೇಹಿತರು ನಮಗೆ ಒಟ್ಟು ಒಂಬತ್ತೇ ಗೆಲುವು ಅಂತ ಹೇಳಿದ್ದಾರೆ. ನಾನು ಹತ್ತು ಅಂದಿದ್ದೇನೆ, ಹನ್ನೊಂದನ್ನೂ ಬಿಟ್ಟುಕೊಟ್ಟಿಲ್ಲ. ಕೊಲಂಬಸ್ ಆಟಕ್ಕೆ ಅವರ ಮನೆಯಲ್ಲೇ ಉಳಿಯುವುದೆಂದು ಮಾತಾಗಿದೆ.