ಮೈಟರ್ ಸಾ ತಗೊಳ್ಳೋ ಮುಂಚೆ ಮನೆಯ ಮರ ಅಳೀರಿ

ಈ ಸಲ ತೋಟದ ವಿಷಯ ಅಲ್ಲ, ಮನೆ ವಿಷಯ. ಅಡಿಕೆ ಕೊಯ್ಲು ಮುಗಿದ ಮೇಲೆ ನಮ್ಮ ಹೆಂಚಿನ ಮನೆಯ ಮಾಡು ಬಿಚ್ಚಿ ರಿಪೇರಿ ಶುರು ಮಾಡಿದ್ದೀವಿ. ಅದಕ್ಕಾಗಿ ಒಂದು ಸ್ಲೈಡಿಂಗ್ ಮೈಟರ್ ಸಾ ತಗೊಂಡ್ವಿ. ಮರವನ್ನ ಅಡ್ಡಕ್ಕೆ, ನೇರವಾಗಿ ಅಥವಾ ಓರೆಯಾಗಿ ಕೊಯ್ಯೋ ಮಷೀನು ಅದು. ತಗೊಳ್ಳೋಕೆ ಮುಂಚೆ ಒಂದು ತಿಂಗಳು ಅಂಗಡಿ ಅಂಗಡಿ ತಿರುಗಿ, ಕೇಳಿ, ಅಳೆದು ನೋಡಿದ್ದೇನೆ. ನಾನು ಎಸ್ಸೆಸ್ಸೆಲ್ಸಿ ಓದಿದವನು, ಇಂಜಿನಿಯರ್ ಅಲ್ಲ. ಆದ್ರೂ ಕಡಿಮೆ ದುಡ್ಡಲ್ಲಿ ತಗೊಳ್ಳೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದ್ದೀನಿ. ಸ್ವಲ್ಪ ಉದ್ದ ಆಗ್ತದೆ.

ಮೊದಲು ನಮ್ಮ ಪರಿಸ್ಥಿತಿ ಹೇಳ್ತೀನಿ. ಅಮ್ಮ ಮಲಗೋ ಕೋಣೆ ಮೇಲಿನ ಪಕಾಸುಗಳಿಗೆ ಒರಲೆ ಹಿಡಿದಿತ್ತು. ಸ್ಕ್ರೂಡ್ರೈವರ್ ಚುಚ್ಚಿದ್ರೆ ಅರ್ಧ ಇಂಚು ಒಳಗೆ ಹೋಗ್ತಿತ್ತು. ಮೃಗಶಿರ ಮಳೆ ಹಿಡಿಯೋದು ಜೂನ್ 7-8ಕ್ಕೆ. ಅಷ್ಟರೊಳಗೆ ಹೆಂಚು ಮತ್ತೆ ಮೇಲೆ ಕೂರಬೇಕು. ಅಮ್ಮನಿಗೆ 81 ವರ್ಷ, ಆ ಕೋಣೆ ಬಿಟ್ಟು ಬೇರೆ ಕಡೆ ಮಲಗಲ್ಲ ಅಂತ ಹಟ. ಹೋದ ವರ್ಷ ಕೊಳೆ ರೋಗದಲ್ಲಿ ಫಸಲು ಅರ್ಧಕ್ಕೆ ಇಳಿದಿತ್ತು, ಹಾಗಾಗಿ ಕೈಯಲ್ಲಿ ದುಡ್ಡೂ ಎಣಿಸಿಟ್ಟಷ್ಟೇ.

ನಮ್ಮ ಆಚಾರ್ರಿಗೆ ಅರವತ್ತು ದಾಟಿದೆ. ಬಲಗೈ ರಟ್ಟೆ ನೋವು. ಮತ್ತಿ ಮರದ 3×4 ಇಂಚಿನ ಪಕಾಸು ಕೈಗರಗಸದಲ್ಲಿ ಒಂದು ಕೊಯ್ತ ಹೊಡೀಬೇಕಾದ್ರೆ ಹತ್ತು ನಿಮಿಷ, ಆಮೇಲೆ ಹತ್ತು ನಿಮಿಷ ಸುಧಾರಿಸಿಕೊಳ್ಳೋದು. ಮಗ ಬೆಂಗಳೂರಲ್ಲಿ ಮಾಡ್ಯುಲರ್ ಕಿಚನ್ ಕೆಲಸಕ್ಕೆ ಹೋಗ್ತಾನೆ, ಊರಿಗೆ ಬರೋದು ಹಬ್ಬಕ್ಕೆ ಮಾತ್ರ. "ಆಚಾರ್ರೆ, ಮಷೀನ್ ತಂದ್ರೆ ಬೇಜಾರು ಮಾಡ್ಕೊತೀರಾ?" ಅಂತ ಕೇಳ್ದೆ. "ತನ್ನಿ ಗೌಡ್ರೆ. ಅದು ಕೊಯ್ತದೆ, ಗುರುತು ಹಾಕೋದು ನಾನೇ ತಾನೆ" ಅಂದ್ರು.

ಅಂಗಡಿಗೆ ಹೋದ್ರೆ ಮೊದಲು ವ್ಯಾಟು, ಆಮೇಲೆ ರೇಟು ಹೇಳ್ತಾರೆ. ಎರಡೂ ಆಮೇಲೆ ನೋಡೋಣ. ಮೊದಲು ಮನೆಯಲ್ಲಿ ಟೇಪ್ ಹಿಡಿದು, ಕೊಯ್ಯಬೇಕಾದ ಮರಗಳಲ್ಲಿ ಎಲ್ಲಕ್ಕಿಂತ ಅಗಲ ಯಾವುದು, ಎಲ್ಲಕ್ಕಿಂತ ದಪ್ಪ ಯಾವುದು ಅಂತ ಬರ್ಕೊಳ್ಳಿ. ನಮ್ಮ ಪಟ್ಟಿ ಹೀಗಿತ್ತು: ಪಕಾಸು 3×4 ಇಂಚು, 28 ತುಂಡು. ರೀಪು 2×1. ದಾರಂದ 5×3. ಅಟ್ಟದ ಹಲಗೆ 9 ಇಂಚು ಅಗಲ, ಒಂದು ಇಂಚು ದಪ್ಪ, 40 ಹಲಗೆ. ಅಟ್ಟದ ಏಣಿ ಮೆಟ್ಟಿಲು ಹತ್ತೂವರೆ ಇಂಚು. ಅಂದ್ರೆ ದಪ್ಪದಲ್ಲಿ 3 ಇಂಚು, ಅಗಲದಲ್ಲಿ ಹತ್ತೂವರೆ.

ಈಗ ಮಷೀನಿನ ಲೆಕ್ಕ. ದಪ್ಪ ಕೊಯ್ಯೋದು ಬ್ಲೇಡಿನ ಸೈಜಿನಿಂದ. ಅಗಲ ಕೊಯ್ಯೋದು ಸ್ಲೈಡಿನಿಂದ. ಈ ಎರಡು ಬೇರೆ ಬೇರೆ ಅಂತ ಗೊತ್ತಾದ್ರೆ ಅರ್ಧ ಗೊಂದಲ ಮುಗೀತು.

ಸ್ಲೈಡ್ ಇಲ್ಲದ 10 ಇಂಚಿನ ಮೈಟರ್ ಸಾದಲ್ಲಿ ತಲೆ ಬರೀ ಕೆಳಗೆ ಮೇಲೆ ಆಗ್ತದೆ. ಅದು ಸುಮಾರು ಐದೂವರೆ ಇಂಚು ಅಗಲ ಕೊಯ್ತದೆ. ಅದೇ 10 ಇಂಚಿನ ಬ್ಲೇಡಿಗೆ ಸ್ಲೈಡ್ ಇದ್ರೆ, ತಲೆಯನ್ನ ಕಂಬಿ ಮೇಲೆ ಮುಂದಕ್ಕೆ ಎಳೆದು ಹಿಂದಕ್ಕೆ ತಳ್ಳಬಹುದು, ಸುಮಾರು 12 ಇಂಚು ಅಗಲದ ಹಲಗೆ ಕೊಯ್ತದೆ. ಎರಡರಲ್ಲೂ ದಪ್ಪ ಹೆಚ್ಚುಕಮ್ಮಿ 3ರಿಂದ ಮೂರೂವರೆ ಇಂಚು.

ಇನ್ನು 8 ಇಂಚಿನ ಬ್ಲೇಡಿನ ಸ್ಲೈಡಿಂಗ್ ಮಷೀನೂ ಸಿಗ್ತದೆ. ಹಗುರ, ರೇಟೂ ಕಡಿಮೆ. ಅದೂ 12 ಇಂಚು ಅಗಲ ಕೊಯ್ತದೆ ಅಂತ ಅಂಗಡಿಯವರು ತೋರಿಸ್ತಾರೆ, ಸುಳ್ಳಲ್ಲ. ಆದ್ರೆ ದಪ್ಪ ಎರಡೂವರೆ ಇಂಚಿನ ಆಸುಪಾಸು. ಕಪಾಟು, ಬೀಡಿಂಗ್, ಪ್ಲೈವುಡ್ ಕೆಲಸಕ್ಕೆ ಅದೇ ಸಾಕು. ನಮ್ಮ ಹಳೇ ಮನೆಯ ಪಕಾಸಿಗೆ, ದಾರಂದಕ್ಕೆ ಸಾಲಲ್ಲ, ಅಡಿಯಲ್ಲಿ ಅರ್ಧ ಇಂಚು ಉಳೀತದೆ. 10 ಇಂಚಿನದ್ದರಲ್ಲೂ ಪೆಟ್ಟಿಗೆ ಮೇಲೆ ಬರೆದ ಮಿಲಿಮೀಟರ್ ಓದಿ. 75 ಅಂತ ಇದ್ರೆ ಅದು 3 ಇಂಚಿಗಿಂತ ಒಂಚೂರು ಕಡಿಮೆ, 3 ಇಂಚು ಅಂದ್ರೆ 76 ಮಿ.ಮೀ. ಆ ಒಂದು ಮಿಲಿಮೀಟರಿಗೆ ಪ್ರತಿ ಪಕಾಸೂ ತಿರುಗಿಸಿ ಕೊಯ್ಯಬೇಕಾಗ್ತದೆ. 12 ಇಂಚಿನ ಬ್ಲೇಡಿನದ್ದು ನಾಲ್ಕು ಇಂಚಿನವರೆಗೂ ಹೋಗ್ತದೆ, ಆದ್ರೆ ಭಾರ, ದುಡ್ಡೂ ಜಾಸ್ತಿ.

ಓರೆ ಕೊಯ್ತದ್ದೂ ಲೆಕ್ಕ ಹಾಕ್ಕೊಳ್ಳಿ. ನಮ್ಮ ಮಾಡಿನ ಇಳಿಜಾರು ಒಂದು ಅಡಿಗೆ 7 ಇಂಚು, ಅಂದ್ರೆ ಸುಮಾರು 30 ಡಿಗ್ರಿ. ನಾಲ್ಕು ಇಂಚಿನ ಪಕಾಸನ್ನ 30 ಡಿಗ್ರಿ ಓರೆಗೆ ಕೊಯ್ದ್ರೆ ಬ್ಲೇಡ್ ಓಡೋ ದಾರಿ ನಾಲ್ಕೂವರೆ ಇಂಚಿಗಿಂತ ಸ್ವಲ್ಪ ಹೆಚ್ಚು. ಅಷ್ಟಕ್ಕೆ ಸ್ಲೈಡ್ ಇಲ್ಲದ್ದೂ ಸಾಕು. 0, 15, 22.5, 45ಕ್ಕೆ ಮಷೀನು ತಾನೇ ಕಚ್ಚಿ ನಿಲ್ತದೆ, ನಡುವಿನ ಡಿಗ್ರಿಗೂ ಗುಬ್ಬಿ ತಿರುಗಿಸಿ ಬಿಗಿ ಮಾಡಬಹುದು. ಒಂದು ಸಲ ಬಿಗಿ ಮಾಡಿದ್ರೆ 28 ಪಕಾಸಿನ ಓರೆಯೂ ಒಂದೇ.

ಹಾಗಾದ್ರೆ ಸ್ಲೈಡ್ ಬೇಕಾ? ನಿಜ ಹೇಳ್ಬೇಕು ಅಂದ್ರೆ, ಬರೀ ಪಕಾಸು ರೀಪು ಬದಲಾಯಿಸೋರಿಗೆ ಬೇಡ. 9 ಇಂಚಿನ ಹಲಗೆಯನ್ನೂ ಸ್ಲೈಡ್ ಇಲ್ಲದ್ದರಲ್ಲಿ ಒಂದು ಕಡೆಯಿಂದ ಐದು ಇಂಚು ಕೊಯ್ದು, ತಿರುಗಿಸಿ ಇನ್ನೊಂದು ಕಡೆಯಿಂದ ಕೊಯ್ಯಬಹುದು. ನಡುವೆ ಸಣ್ಣ ಗೆರೆ ಕಾಣ್ತದೆ, ಅಟ್ಟದ ಮೇಲೆ ಯಾರು ನೋಡ್ತಾರೆ. ನಮ್ಮ ಪೇಟೆಯಲ್ಲಿ ನಾನು ಕೇಳಿದಾಗ ಸ್ಲೈಡ್ ಇಲ್ಲದ 10 ಇಂಚಿನದ್ದು 12ರಿಂದ 18 ಸಾವಿರ, ಸ್ಲೈಡ್ ಇರೋದು 26 ಸಾವಿರದಿಂದ ಶುರು, ಬಾಷ್, ಮಕಿಟಾ, ಡಿವಾಲ್ಟ್ ತರದ್ದು ನಲವತ್ತು ದಾಟ್ತಿತ್ತು. ನಾನೊಬ್ಬನೇ ತಗೊಳ್ಳೋದಾಗಿದ್ರೆ ಸ್ಲೈಡ್ ಇಲ್ಲದ್ದನ್ನೇ ತರ್ತಿದ್ದೆ.

ಆದ್ರೆ ನಮ್ಮ ಕೇರಿಯ ಇನ್ನಿಬ್ಬರಿಗೂ ಕೆಲಸ ಇತ್ತು. ಒಬ್ಬರಿಗೆ ಕೊಟ್ಟಿಗೆ ಮಾಡು, ಇನ್ನೊಬ್ಬರಿಗೆ ಮನೆಯೊಳಗೆ 12 ಇಂಚಿನ ಕಪಾಟು ಹಲಗೆ. ಮುಯ್ಯಾಳು ಲೆಕ್ಕದಲ್ಲಿ ಮೂರು ಮನೆ ಸೇರಿದ್ವಿ. 33 ಸಾವಿರದ ಮಷೀನು, ತಲಾ 11 ಸಾವಿರ. ಸ್ಲೈಡ್ ಇಲ್ಲದ್ದಕ್ಕೆ ನಾನೊಬ್ಬನೇ ಕೊಡ್ತಿದ್ದುದಕ್ಕಿಂತ ಕಡಿಮೆ ಆಯ್ತು. ಬ್ಲೇಡು, ಕಾರ್ಬನ್ ಬ್ರಶ್ ಖರ್ಚು ಬಳಸಿದವರದ್ದು. ಮೊದಲ ಸರದಿ ನಮ್ಮದು ಅಂತ ಅವರೇ ಹೇಳಿದ್ರು, ಅಮ್ಮನ ಕೋಣೆ ನೋಡಿ.

ಒಂದು ಮಾತು ಮರೀಬೇಡಿ. ಈ ಮಷೀನು ಮರ ಉದ್ದಕ್ಕೆ ಸೀಳಲ್ಲ. ರೀಪು ಸೀಳಿಸೋಕೆ ಸಾಮಿಲ್ಲಿಗೇ ಹೋಗಬೇಕು, ಇಲ್ಲಾ ಟೇಬಲ್ ಸಾ ಬೇಕು. ನಿಮ್ಮ ಕೆಲಸ ಹೆಚ್ಚಿನದ್ದು ಸೀಳೋದೇ ಆದ್ರೆ ಮೈಟರ್ ಸಾ ದುಡ್ಡು ದಂಡ.

ಅಂಗಡಿಯಲ್ಲಿ ಏನು ನೋಡಬೇಕು? ತಲೆಯನ್ನ ಪೂರ್ತಿ ಮುಂದಕ್ಕೆ ಎಳೆದು, ಹಿಡಿಕೆ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಕಡಿಮೆ ರೇಟಿನದ್ದರಲ್ಲಿ ತೊಂದರೆ ಇರೋದು ಮೋಟರಿನಲ್ಲಿ ಅಲ್ಲ, ಹೆಚ್ಚಾಗಿ ಈ ಕಂಬಿ ಬೇರಿಂಗಿನಲ್ಲಿ. ಕಟಕಟ ಅಂದ್ರೆ ಬಿಟ್ಬಿಡಿ. ಆಮೇಲೆ ಎರಡೂ ಅಂಚು ಸಮ ಇರೋ ಅಗಲದ ಹಲಗೆ ಒಂದು ತಗೊಂಡು ಹೋಗಿ ನೇರಕ್ಕೆ ಕೊಯ್ಯಿಸಿ. ಒಂದು ತುಂಡನ್ನ ಮಗುಚಿ, ಎರಡನ್ನೂ ಒಂದು ನೇರ ಪಟ್ಟಿಗೆ ಒತ್ತಿ, ಕೊಯ್ದ ಬಾಯಿ ಎರಡೂ ಸೇರಿಸಿ. ಸಂದಿ ಕಾಣದಿದ್ರೆ ಮಷೀನು ಮಟ್ಟ ಇದೆ. ಸಂದಿ ಬಂದ್ರೆ, ಬಂದಿದ್ದರಲ್ಲಿ ಅರ್ಧ ಮಷೀನಿನ ತಪ್ಪು. ಹಿಂದಿನ ಪಟ್ಟಿಯ ಬೋಲ್ಟ್ ಸಡಿಲಿಸಿ ಸರಿ ಮಾಡಬಹುದು, ಮಾಡಿಸಿಯೇ ದುಡ್ಡು ಕೊಡಿ. ಇದನ್ನ ನಮ್ಮ ಆಚಾರ್ರು ಮೂಲೆಮಟ್ಟಕ್ಕೂ ಮಾಡ್ತಾರೆ, ಗೆರೆ ಎಳೆದು, ಮಗುಚಿ ಇನ್ನೊಂದು ಗೆರೆ ಎಳೆದು ನೋಡೋದು. ಅಂಗಡಿಯವರು ಮುಖ ನೋಡಿದ್ರು, ಆಚಾರ್ರು ಬಿಡ್ಲಿಲ್ಲ.

ಬ್ಲೇಡಿನ ನಡುವಿನ ತೂತು ಎಷ್ಟು ಅಂತ ಕೇಳಿ. 25.4 ಮಿ.ಮೀ. ಇದೆ, 30 ಇದೆ. ನಿಮ್ಮ ಪೇಟೆಯಲ್ಲಿ ಯಾವುದು ಸಿಗ್ತದೋ ಅದೇ ಇರಲಿ. ಕಾರ್ಬನ್ ಬ್ರಶ್, ಸ್ವಿಚ್ ಸಿಗ್ತದಾ ಅಂತಲೂ ಕೇಳಿ. ಹಲ್ಲು 40 ಇದ್ರೆ ಪಕಾಸಿಗೆ ಸಾಕು, ಬೇಗ ಕೊಯ್ತದೆ. ಹಲಗೆ, ದಾರಂದಕ್ಕೆ 60 ಹಲ್ಲಿನದ್ದು ಹಾಕಿದ್ರೆ ಅಂಚು ಸಿಬಿರು ಏಳಲ್ಲ.

ಕರೆಂಟಿನ ವಿಷಯ. 1800 ವ್ಯಾಟ್ ಅಂದ್ರೆ 230 ವೋಲ್ಟಿನಲ್ಲಿ 8 ಆಂಪಿಯರ್ ಹತ್ರ ಎಳೀತದೆ, ಶುರುವಾಗುವಾಗ ಅದಕ್ಕಿಂತ ತುಂಬಾ ಜಾಸ್ತಿ. ದೊಡ್ಡ ಪಿನ್ನಿನ ಪ್ಲಗ್ಗು, ಸರಿಯಾದ ಅರ್ತಿಂಗು, ಎಕ್ಸ್‌ಟೆನ್ಶನ್ ಬೇಕಾದ್ರೆ 2.5 ಸ್ಕ್ವೇರ್ ಎಂಎಂ ವೈರು. ನಮ್ಮಲ್ಲಿ ಸಂಜೆ ವೋಲ್ಟೇಜು 180ಕ್ಕೆ ಇಳೀತದೆ, ಆಗ ಮಷೀನು ಮುಟ್ಟೋದೇ ಇಲ್ಲ. ಮನೆ ಇನ್ವರ್ಟರಿನಲ್ಲಿ ಇದು ಓಡಲ್ಲ. ಇಡೋ ಜಾಗವೂ ನೋಡಿ, ಕಂಬಿ ಹಿಂದಕ್ಕೆ ಚಾಚೋದ್ರಿಂದ ಗೋಡೆಗೆ ಒತ್ತಿ ಇಡೋಕೆ ಆಗಲ್ಲ. ಉದ್ದದ ಪಕಾಸಿಗೆ ಎರಡೂ ಕಡೆ ಮೇಜಿನಷ್ಟೇ ಎತ್ತರದ ಆಸರೆ ಬೇಕು.

ಕೊನೆಗೆ ಕೈ ಬೆರಳಿನ ವಿಷಯ, ಇದನ್ನ ಹಾರಿಸಿ ಓದಬೇಡಿ. ಸ್ಲೈಡಿಂಗ್ ಸಾದಲ್ಲಿ ಅಗಲದ ಹಲಗೆಯನ್ನ ತನ್ನ ಕಡೆ ಎಳೀತಾ ಕೊಯ್ಯಬಾರದು. ಹಾಗೆ ಮಾಡಿದ್ರೆ ಬ್ಲೇಡ್ ಮರದ ಮೇಲೆ ಹತ್ತಿ ನಮ್ಮ ಮೇಲೇ ಬರ್ತದೆ. ಮೊದಲು ತಲೆ ಮೇಲಿರುವಾಗಲೇ ಪೂರ್ತಿ ಮುಂದಕ್ಕೆ ಎಳ್ಕೊಳ್ಳಿ, ಸ್ವಿಚ್ ಒತ್ತಿ ವೇಗ ಹಿಡಿಯೋಕೆ ಬಿಡಿ, ಕೆಳಗೆ ಇಳಿಸಿ, ಆಮೇಲೆ ಹಿಂದಕ್ಕೆ ತಳ್ಳುತ್ತಾ ಕೊಯ್ಯಿ. ಮುಗಿದ ಮೇಲೆ ಸ್ವಿಚ್ ಬಿಟ್ಟು, ಬ್ಲೇಡ್ ನಿಂತ ಮೇಲೆ ಎತ್ತಿ. ಕೈ ಬ್ಲೇಡಿನಿಂದ ಆರು ಇಂಚು ದೂರ. ಗಿಡ್ಡ ತುಂಡು ಕೈಯಲ್ಲಿ ಹಿಡಿಯೋದು ಬೇಡ, ಕ್ಲಾಂಪ್ ಹಾಕಿ. ಅಡಿಕೆ ಮರ, ಬಿದಿರಿನ ತರ ದುಂಡಗಿನದ್ದು ಉರುಳ್ತದೆ, ಅದನ್ನ ಕೈಗರಗಸಕ್ಕೇ ಬಿಡಿ. ಕೈಗೆ ಗ್ಲೌಸ್ ಬೇಡ, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕು. ಲೋಹ ಕೊಯ್ಯೋ ಕಲ್ಲಿನ ಚಕ್ರ ಇದಕ್ಕೆ ಹಾಕಲೇಬಾರದು.

ಹಳೇ ಮರದಲ್ಲಿ ಮೊಳೆ ಇರ್ತದೆ. ಒಂದು ಮೊಳೆ ಸಿಕ್ಕಿದ್ರೆ ಬ್ಲೇಡಿನ ಕಾರ್ಬೈಡ್ ಹಲ್ಲು ಹಾರಿ ಹೋಗ್ತದೆ, ಎಲ್ಲಿಗೆ ಹಾರ್ತದೆ ಹೇಳೋಕಾಗಲ್ಲ. ಕೆಟ್ಟುಹೋದ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ನಮ್ಮನೆಯವರು ಪ್ರತಿ ಪಕಾಸಿನ ಮೇಲೂ ಆಡಿಸ್ತಾರೆ. ಅದು ವಾಲಿದ ಕಡೆ ಸೀಮೆಸುಣ್ಣದ ಗುರುತು. "ರೀ, ಇಲ್ಲಿ ಇನ್ನೊಂದು" ಅಂತ ಇದುವರೆಗೆ 19 ಮೊಳೆ ಹಿಡಿದಿದ್ದಾರೆ.

ಈಗ 28ರಲ್ಲಿ 22 ಪಕಾಸು ಕೊಯ್ದಾಗಿದೆ. ಆಚಾರ್ರು ಗುರುತು ಹಾಕ್ತಾರೆ, ನಾನು ಕೊಯ್ತೀನಿ, ಅವರು ತಗೊಂಡು ಸಂದಿ ನೋಡ್ತಾರೆ. ಒಂದು ಕೊಯ್ತಕ್ಕೆ ಅರ್ಧ ನಿಮಿಷ ಸಾಕು. ಅವರ ಕೂಲಿ ಒಂದು ರೂಪಾಯಿ ಕಡಿಮೆ ಮಾಡಿಲ್ಲ, ಮಾಡೋದೂ ಇಲ್ಲ. ಸಂಜೆ ಕೈ ಎತ್ತಿ ಟೋಪಿ ತೆಗೆಯೋಕೆ ಆಗ್ತಿದೆ ಅಂತ ಅವರೇ ಹೇಳಿದ್ರು. ಅಮ್ಮ ಜಗುಲಿ ಮೇಲೆ ಕೂತು ಶಬ್ದಕ್ಕೆ ಬೈತಾ ಇರ್ತಾಳೆ, ಒಳಗೆ ಹೋಗು ಅಂದ್ರೂ ಹೋಗಲ್ಲ.

ಹತ್ತಿರದವರು ಯಾರಾದ್ರೂ ಮಷೀನ್ ತಗೊಳ್ಳೋ ಯೋಚನೆಯಲ್ಲಿದ್ರೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಮೇಲೆ ಬನ್ನಿ. ನಿಮ್ಮ ಮನೆಯ ಎಲ್ಲಕ್ಕಿಂತ ಅಗಲದ ಹಲಗೆ ತುಂಡು ಒಂದು, ದಪ್ಪದ ತುಂಡು ಒಂದು ತನ್ನಿ, ಕೊಯ್ದೇ ನೋಡೋಣ. ಹೆಗಲ ಮೇಲಿನ ಟವೆಲ್ ಮಾತ್ರ ಜಗುಲಿಯಲ್ಲಿ ಬಿಟ್ಟು ಬರಬೇಕು.