ಚೋಟೆತ್ತರದ ಗೋಡೆ

"ಕೊಬ್ಬು ಕಣ್ರೀ ಅದಕ್ಕೆ. ವಯಸ್ಸಾಯ್ತಲ್ಲ, ಇನ್ಮೇಲೆ ಬೇಕಂತಲೇ ಮಾಡುತ್ತೆ."

ಬೆಳಿಗ್ಗೆ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಬಾಗಿಲಿಗೆ ಬಂದ ಪಕ್ಕದ ಮನೆಯವರು, ನಾನು ಕಾಲೊರಸುವ ಮ್ಯಾಟನ್ನು ಬಕೆಟ್ಟಿಗೆ ಅದ್ದುತ್ತಿದ್ದುದನ್ನು ಕಂಡು, ಏನಾಯ್ತೆಂದು ಕೇಳಿ, ಇಷ್ಟು ಹೇಳಿ ಒಳಗೆ ಹೋದರು. ಅವರು ಕೆಟ್ಟವರಲ್ಲ. ನಾವು ಊರಿಗೆ ಹೋದಾಗ ನಮ್ಮ ತುಳಸಿಗೆ ನೀರು ಹಾಕುವವರು ಅವರೇ. ಆದರೂ ಆ ಮಾತು ನನ್ನ ಬೆಳಗನ್ನು ಕೆಡಿಸಿತು. ಕಾಫಿ ಕುಡಿದರೂ ಹೋಗಲಿಲ್ಲ, ಪೇಪರ್ ತಿರುವಿದರೂ ಹೋಗಲಿಲ್ಲ. ಹದಿನೈದು ದಾಟಿದ ಮುದಿ ಬೆಕ್ಕಿಗೆ ಕೊಬ್ಬು ಎಲ್ಲಿಂದ ಬರಬೇಕು? ನಮ್ಮ ಸುಬ್ಬಿಯ ಬೆನ್ನ ಮೇಲೆ ಕೈಯಾಡಿಸಿದರೆ ಮೂಳೆಯ ಗೆಣ್ಣುಗಳು ಒಂದೊಂದಾಗಿ ಬೆರಳಿಗೆ ಸಿಗುತ್ತವೆ.

ಅವಳು ಪಡುವ ಪಾಡನ್ನು ಅವರು ನೋಡಿಲ್ಲ, ನಾನು ನೋಡಿದ್ದೇನೆ. ಬಚ್ಚಲಮನೆಯ ಮೂಲೆಯಲ್ಲಿ, ಮಲಮೂತ್ರಕ್ಕೆಂದು ಮಣ್ಣು ತುಂಬಿಟ್ಟ ಅವಳ ಟ್ರೇ ಇದೆ. ನಡುರಾತ್ರಿಯಾಗಲಿ, ಬೆಳಗಿನ ಜಾವವಾಗಲಿ, ಸುಬ್ಬಿ ಹೋಗುವುದು ಅಲ್ಲಿಗೇ. ದಾರಿ ತಪ್ಪುವುದಿಲ್ಲ. ಅಂಚಿನ ಮುಂದೆ ನಿಂತು ಒಂದು ಮುಂಗಾಲನ್ನು ಎತ್ತಿ ಒಳಗಿಡುತ್ತಾಳೆ, ಇನ್ನೊಂದನ್ನೂ ಇಡುತ್ತಾಳೆ. ಇನ್ನು ಹಿಂಗಾಲುಗಳು ಎದ್ದು ಅಂಚು ದಾಟಬೇಕು. ಅಲ್ಲಿ ತಡೆಯುತ್ತಾಳೆ. ಸೊಂಟ ಅದುರುತ್ತದೆ. ಬಾಲ ನೆಟ್ಟಗಾಗಿ ಮತ್ತೆ ಇಳಿಯುತ್ತದೆ. ಆಮೇಲೆ ಮುಂಗಾಲುಗಳನ್ನು ಒಂದೊಂದಾಗಿ ಹಿಂದಕ್ಕೆ ತೆಗೆದು, ಟ್ರೇಗೆ ಮೈ ತಾಗುವಷ್ಟು ಹತ್ತಿರದಲ್ಲಿ ಮ್ಯಾಟಿನ ಮೇಲೆ ಕೂರುತ್ತಾಳೆ. ಮುಗಿದ ಮೇಲೆ ಆ ಬಟ್ಟೆಯನ್ನೇ ಕೆರೆದು ಮುಚ್ಚಲು ನೋಡುತ್ತಾಳೆ. ಮುಚ್ಚಲು ಅಲ್ಲಿ ಮಣ್ಣಿಲ್ಲ, ಆದರೂ ಕೆರೆಯುತ್ತಾಳೆ. ಜೀವಮಾನವೆಲ್ಲ ಅಚ್ಚುಕಟ್ಟಾಗಿ ಬಾಳಿದವಳು ಈಗಲೂ ಆ ಅಚ್ಚುಕಟ್ಟು ಬಿಡಲೊಲ್ಲಳು.

ಟ್ರೇಯನ್ನು ದಿನಕ್ಕೆರಡು ಸಲ ಚೊಕ್ಕ ಮಾಡಬೇಕು, ಗದ್ದಲವಿಲ್ಲದ ಕಡೆ ಇಡಬೇಕು, ಘಮಘಮ ಎನ್ನುವ ಪುಡಿ ಬೆಕ್ಕಿಗೆ ಆಗದು, ಮನೆಯಲ್ಲಿ ಎಷ್ಟು ಬೆಕ್ಕಿವೆಯೋ ಅದಕ್ಕಿಂತ ಒಂದು ಟ್ರೇ ಹೆಚ್ಚಿರಬೇಕು. ಇವೆಲ್ಲ ಬೆಕ್ಕು ಸಾಕಿದವರಿಗೆ ಗೊತ್ತಿರುವುದೇ. ನನ್ನ ಸಂಕಟ ಬೇರೆ.

ಮುದಿ ಬೆಕ್ಕಿನ ಮೇಲೆ ನಮ್ಮ ಜನಕ್ಕೆ ಇರುವ ಅನುಮಾನ ಇಂದಿನದಲ್ಲ. ಮಹಾಭಾರತದ ಉದ್ಯೋಗಪರ್ವದಲ್ಲಿ ದುರ್ಯೋಧನ ದೂತ ಉಲೂಕನ ಮೂಲಕ ಧರ್ಮರಾಯನಿಗೆ ಒಂದು ಕಥೆ ಹೇಳಿ ಕಳಿಸುತ್ತಾನೆ. ಗಂಗೆಯ ದಡದಲ್ಲಿ ಬೆಕ್ಕೊಂದು ಕೈಯೆತ್ತಿ ತಪಸ್ಸಿಗೆ ನಿಲ್ಲುತ್ತದೆ. ಇಲಿಗಳು ನಂಬಿ ಅದರ ಆಶ್ರಯಕ್ಕೆ ಬರುತ್ತವೆ. ತಪಸ್ಸಿನಿಂದ ಬಳಲಿದ್ದೇನೆ, ನಡೆಯುವ ಶಕ್ತಿಯಿಲ್ಲ, ದಿನವೂ ನನ್ನನ್ನು ನದಿಯ ತನಕ ಕರೆದೊಯ್ಯಿರಿ ಎಂದು ಬೆಕ್ಕು ಕೇಳಿಕೊಳ್ಳುತ್ತದೆ. ಇಲಿಗಳು ದಿನದಿನಕ್ಕೆ ಕಡಿಮೆಯಾಗುತ್ತವೆ, ಬೆಕ್ಕು ದುಂಡಗಾಗುತ್ತದೆ. ಏಳನೆಯ ಶತಮಾನದ ಮಹಾಬಲಿಪುರದ ಬಂಡೆಯಲ್ಲಿ ಈ ಬೆಕ್ಕನ್ನು ಇಂದಿಗೂ ನೋಡಬಹುದು. ಹಿಂಗಾಲ ಮೇಲೆ ನೆಟ್ಟಗೆ ನಿಂತು, ಮುಂಗಾಲುಗಳನ್ನು ತಲೆಯ ಮೇಲೆ ಜೋಡಿಸಿದೆ, ಬುಡದಲ್ಲಿ ಇಲಿಗಳಿವೆ. ಪಂಚತಂತ್ರದಲ್ಲೂ ಹಾಗೆಯೇ. ಮೊಲಕ್ಕೂ ಹಕ್ಕಿಗೂ ವಾಸದ ಜಾಗಕ್ಕೆ ಜಗಳ ಬಂದು, ನ್ಯಾಯ ಹೇಳಲು ಬೆಕ್ಕಿನ ಬಳಿ ಹೋಗುತ್ತವೆ. ನನಗೆ ವಯಸ್ಸಾಯಿತು, ಕಿವಿ ಮಂದ, ಹತ್ತಿರ ಬಂದು ಹೇಳಿ ಎನ್ನುತ್ತದೆ ಬೆಕ್ಕು. ಹತ್ತಿರ ಹೋದವು ಮತ್ತೆ ಬರಲಿಲ್ಲ.

ನನಗೆ ಮಹಾಬಲಿಪುರದ ಆ ಶಿಲ್ಪ ತುಂಬ ಇಷ್ಟ. ಅದರ ಮುಂದೆ ಬಹಳ ಹೊತ್ತು ನಿಂತಿದ್ದೇನೆ. ಆದರೆ ಎರಡು ಕಥೆಗಳಲ್ಲೂ ಬೆಕ್ಕು ಆಗುವುದಿಲ್ಲ ಎಂದರೆ ಅದು ಸುಳ್ಳೇ. ಕಾಲು ಬಾರದು ಎಂದರೂ ಸುಳ್ಳು, ಕಿವಿ ಕೇಳದು ಎಂದರೂ ಸುಳ್ಳು. ಇದನ್ನು ಕೇಳುತ್ತ ಬೆಳೆದ ನಾವು ಮೂಲೆಯಲ್ಲಿ ಮುದುಡಿ ಕೂತ ಬೆಕ್ಕನ್ನು ನಂಬುವುದು ಹೇಗೆ? ಪಕ್ಕದ ಮನೆಯವರ ಮಾತಿನ ಹಿಂದೆ ಎರಡು ಸಾವಿರ ವರ್ಷದ ಕಥೆ ಹೇಳುವ ಅಭ್ಯಾಸ ಇದೆ.

ನಿಜದ ಬೆಕ್ಕು ಇದಕ್ಕೆ ತದ್ವಿರುದ್ಧ. ಆಗದಿದ್ದರೂ ಆಗುತ್ತದೆ ಎಂದು ತೋರಿಸಿಕೊಳ್ಳುವ ಪ್ರಾಣಿ ಅದು. ಕಾಡಿನಲ್ಲಿ ಅದು ಇಲಿಯನ್ನು ಹಿಡಿಯುತ್ತದೆ, ಬೆಕ್ಕನ್ನು ಹಿಡಿಯುವವೂ ಇವೆ. ಕುಂಟುವುದು ಕಣ್ಣಿಗೆ ಬಿದ್ದರೆ ಮುಗಿಯಿತು. ಹಾಗಾಗಿ ನೋವನ್ನು ನುಂಗಿಕೊಳ್ಳುವುದು ಅದರ ಹುಟ್ಟುಗುಣ. ನಾಯಿಯ ಹಾಗೆ ಕುಂಯ್‌ಗುಟ್ಟುವುದಿಲ್ಲ. ಹಾರುತ್ತಿದ್ದ ಕಿಟಕಿಗೆ ಹಾರುವುದನ್ನು ನಿಲ್ಲಿಸುತ್ತದೆ, ಅಷ್ಟೇ. ವಯಸ್ಸಾಯಿತು, ಮಲಗಿರುತ್ತೆ ಎಂದು ನಾವು ಸುಮ್ಮನಾಗುತ್ತೇವೆ. ಅಮೆರಿಕದ ಪಶುವೈದ್ಯರು ಹನ್ನೆರಡು ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅವುಗಳಲ್ಲಿ 90 ಬೆಕ್ಕುಗಳಿಗೆ ಕೀಲು ಸವೆದಿದ್ದ ಗುರುತಿತ್ತು. ಮುದಿ ಬೆಕ್ಕಿನ ಕೀಲು ಸವೆದಿದೆಯೇ ಎಂದು ಕೇಳುವುದಕ್ಕಿಂತ ಎಷ್ಟು ಸವೆದಿದೆ ಎಂದು ಕೇಳುವುದೇ ಸರಿ.

ಇಷ್ಟಕ್ಕೂ ಆ ಟ್ರೇಗೆ ಅಂಚು ಯಾಕಿದೆ? ನಮ್ಮ ಅಜ್ಜಿಮನೆಯಲ್ಲಿ ಟ್ರೇಯೂ ಇರಲಿಲ್ಲ, ಅಂಚೂ ಇರಲಿಲ್ಲ. ಬಚ್ಚಲೊಲೆಯ ಬೂದಿಯನ್ನು ಹಿತ್ತಲಲ್ಲಿ ಸುರಿಯುತ್ತಿದ್ದರು. ಊರ ಬೆಕ್ಕುಗಳಿಗೆಲ್ಲ ಅದೇ. ನಯವಾದ, ಒಣಗಿದ, ಕೆರೆದರೆ ಸರಿಯುವ ಬೂದಿ. ಬೆಕ್ಕಿನ ಮೂಲಪುರುಷ ಮರುಭೂಮಿಯಂಚಿನ ಕಾಡುಬೆಕ್ಕು. ಅದಕ್ಕೆ ಬೇಕಾದದ್ದೂ ಇಂಥದೇ ನೆಲ. ಅಮೆರಿಕದಲ್ಲೂ ಒಂದು ಕಾಲಕ್ಕೆ ಬೂದಿಯೇ ಇತ್ತು. 1947ರಲ್ಲಿ ಮಿಷಿಗನ್ ರಾಜ್ಯದ ಎಡ್ವರ್ಡ್ ಲೋ ಎಂಬ ತರುಣನ ಬಳಿ ನೆರೆಮನೆಯ ಹೆಂಗಸೊಬ್ಬಳು ಬಂದು, ಬೂದಿ ಹಾಕಿದರೆ ಬೆಕ್ಕು ಮನೆತುಂಬ ಹೆಜ್ಜೆಗುರುತು ಮಾಡುತ್ತದೆ, ಬೇರೆ ಏನಾದರೂ ಇದೆಯೇ ಎಂದು ಕೇಳಿದಳಂತೆ. ಕಾರ್ಖಾನೆಗಳಲ್ಲಿ ಚೆಲ್ಲಿದ ಎಣ್ಣೆ ಹೀರಿಸಲು ಮಾರುತ್ತಿದ್ದ ಜೇಡಿಯ ಹರಳನ್ನು ಅವನು ಕೊಟ್ಟ. ದೊಡ್ಡದೊಂದು ಉದ್ಯಮ ಅಲ್ಲಿಂದ ಹುಟ್ಟಿತು. ಈಗ ಒದ್ದೆಯಾದರೆ ಉಂಡೆ ಕಟ್ಟುವ ಬೆಂಟೊನೈಟ್ ಮಣ್ಣು ಬಂದಿದೆ. ಅದರ ಗಣಿಗಳು ನಮ್ಮ ಕಚ್ಛ್‌ನಲ್ಲೇ ಇವೆ. ಮಣ್ಣು ಒಳ್ಳೆಯದೇ. ಆದರೆ ಬೆಕ್ಕು ಕೆರೆದಾಗ ಅದು ಹೊರಗೆ ಚೆಲ್ಲುತ್ತದೆ, ಚೆಲ್ಲಿದರೆ ನಮ್ಮ ಟೈಲ್ಸ್ ಹಾಳು. ಅದಕ್ಕೆ ಅಂಚನ್ನು ಚೋಟುದ್ದ ಎತ್ತರಿಸಿದರು, ಕೆಲವರು ಗೇಣುದ್ದ ಎತ್ತರಿಸಿದರು, ಇನ್ನು ಕೆಲವರು ಮುಚ್ಚಳ ಹಾಕಿ ಬಾಗಿಲಿಟ್ಟರು. ಆ ಗೋಡೆ ಇರುವುದು ನೆಲ ಒರೆಸುವವರ ಅನುಕೂಲಕ್ಕೆ. ಹತ್ತಬೇಕಾದವಳ ಸೊಂಟವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಅದರ ಮೇಲೆ ಮುಪ್ಪಿನಲ್ಲಿ ಆ ಗೋಡೆಯ ಹತ್ತಿರ ಹೆಚ್ಚು ಸಲ ಹೋಗಬೇಕಾಗುತ್ತದೆ. ವಯಸ್ಸಾದ ಬೆಕ್ಕುಗಳಲ್ಲಿ ಮೂತ್ರಪಿಂಡ ಸೋಲುವುದು ಬಹಳ ಸಾಮಾನ್ಯ. ಮೂತ್ರವನ್ನು ಗಟ್ಟಿಮಾಡಿ ನೀರು ಉಳಿಸುವ ಶಕ್ತಿ ಹೋಗುತ್ತದೆ, ಬೆಕ್ಕು ಹೆಚ್ಚು ಕುಡಿಯುತ್ತದೆ, ಹೆಚ್ಚು ಹೊಯ್ಯುತ್ತದೆ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರುವ ಹೊತ್ತಿಗೆ ಮೂತ್ರಪಿಂಡದ ಕೆಲಸದಲ್ಲಿ ಸುಮಾರು ಮುಕ್ಕಾಲು ಪಾಲು ನಿಂತಿರುತ್ತದೆ. ಟ್ರೇಯ ಉಂಡೆಗಳು ಅದಕ್ಕೂ ಮೊದಲೇ ಹೇಳುತ್ತವೆ. ನಿಂಬೆಗಾತ್ರ ಇದ್ದದ್ದು ಕಿತ್ತಳೆಗಾತ್ರ ಆಗಿದ್ದರೆ ವೈದ್ಯರ ಬಳಿ ಹೋಗಬೇಕು. ಸಕ್ಕರೆಕಾಯಿಲೆಯೂ ಇರಬಹುದು, ಥೈರಾಯ್ಡ್ ಹೆಚ್ಚಿರಬಹುದು. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕಿದರೂ ಹನಿ ಬೀಳದಿದ್ದರೆ ಬೆಳಗಾಗಲಿ ಎಂದು ಕಾಯಲೇಬಾರದು. ಮೂತ್ರ ಕಟ್ಟಿದ ಬೆಕ್ಕು ಒಂದೆರಡು ದಿನದಲ್ಲಿ ಸಾಯಬಹುದು.

ಸುಬ್ಬಿಯದು ಸೊಂಟದ ನೋವು, ಜೊತೆಗೆ ಮೂತ್ರಪಿಂಡದ ಸೋಲಿನ ಆರಂಭ ಎಂದು ನಮ್ಮ ಪಶುವೈದ್ಯೆ ಹೇಳಿದರು. ಅವರು ಕೊಟ್ಟ ಔಷಧದ ಜೊತೆಗೆ ಇವತ್ತು ನಾನೂ ಒಂದು ಕೆಲಸ ಮಾಡಿದೆ. ಚಳಿಗಾಲದ ರಗ್ಗು ತುಂಬಿಡುವ ಅಗಲವಾದ ಪ್ಲಾಸ್ಟಿಕ್ ಡಬ್ಬ ಒಂದಿತ್ತು. ಹಳೆಯ ಚಾಕುವನ್ನು ಗ್ಯಾಸಿನ ಮೇಲೆ ಕಾಯಿಸಿ, ಡಬ್ಬದ ಒಂದು ಮಗ್ಗುಲನ್ನು ನೆಲದಿಂದ ಎರಡು ಬೆರಳಗಲ ಬಿಟ್ಟು ಕೊಯ್ದೆ. ಕೊಯ್ದ ಅಂಚನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ, ಕೆನ್ನೆಗೆ ತಾಗಿಸಿ ನೋಡಿದೆ, ತರಚಬಾರದಲ್ಲ. ಉಳಿದ ಮೂರು ಕಡೆ ಗೋಡೆ ಎತ್ತರವೇ ಇದೆ, ಮಣ್ಣು ಅಷ್ಟಾಗಿ ಚೆಲ್ಲುವುದಿಲ್ಲ. ಅವಳು ಮೂಸಿದಳು, ಮೀಸೆಯಿಂದ ಅಳತೆ ನೋಡಿದಳು, ಒಳಗೆ ನಡೆದಳು. ಹತ್ತಲಿಲ್ಲ, ನಡೆದಳು.

ಇಲ್ಲಿ ಇನ್ನೆರಡು ಮಾತು ಹೇಳಲೇಬೇಕು. ಬೆಕ್ಕು ಹೊಯ್ದ ಜಾಗಕ್ಕೆ ನಾವು ಮೊದಲು ಸುರಿಯುವುದು ಫಿನಾಯಿಲ್, ನೋವಿದೆ ಎಂದು ಕಂಡರೆ ಮೊದಲು ನೆನಪಾಗುವುದು ಡಬ್ಬಿಯಲ್ಲಿರುವ ಪ್ಯಾರಾಸಿಟಮಾಲ್. ಎರಡೂ ಬೆಕ್ಕಿಗೆ ವಿಷ, ಎರಡಕ್ಕೂ ಕಾರಣ ಹತ್ತಿರಹತ್ತಿರ ಒಂದೇ. ಇಂಥ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಕಿಣ್ವದ ಶಕ್ತಿ ಬೆಕ್ಕಿನ ಯಕೃತ್ತಿನಲ್ಲಿ ತೀರ ಕಡಿಮೆ. ಒಂದೇ ಮಾತ್ರೆ ಸಾಕು ಪ್ರಾಣ ಹೋಗಲು. ಫಿನಾಯಿಲ್ ಒರೆಸಿದ ನೆಲದ ಮೇಲೆ ನಡೆದು ಆ ಪಾದವನ್ನು ಅದು ನೆಕ್ಕುತ್ತದೆ. ದಯವಿಟ್ಟು ಎರಡನ್ನೂ ದೂರ ಇಡಿ. ವಾಸನೆ ಹೋಗಬೇಕೆಂದರೆ ಕಿಣ್ವವಿರುವ ದ್ರವ ಸಿಗುತ್ತದೆ, ಅದನ್ನು ಸುರಿದು ತಾನಾಗಿ ಒಣಗಲು ಬಿಡಬೇಕು.

ಎರಡು ಬೆರಳಗಲದ ಆ ಅಂಚನ್ನು ನೋಡುತ್ತ ಕೂತಾಗ ನನಗೆ ನಮ್ಮ ದೊಡ್ಡಮ್ಮ ನೆನಪಾದರು. ಮದುವೆ ಮನೆಗೆ ಹೊರಡುವ ದಿನ ಅವರು ಬೆಳಗಿನಿಂದ ನೀರು ಮುಟ್ಟುತ್ತಿರಲಿಲ್ಲ. ನಾವು ಮಡಿಯೋ ವ್ರತವೋ ಎಂದುಕೊಂಡಿದ್ದೆವು. ಛತ್ರದ ಪಾಯಿಖಾನೆಯ ಕಟ್ಟೆ ಹತ್ತಲಾಗದೆ ಅವರು ಬಾಯಾರಿಕೊಂಡಿರುತ್ತಿದ್ದರು. ಆ ಕಟ್ಟೆ ಯಾಕಿದೆ? ಕೆಳಗೆ ಪೈಪು ಹಾಯಲು ಜಾಗ ಬೇಕು, ನೆಲ ತಗ್ಗಿಸಿದರೆ ಖರ್ಚು, ಹಾಗಾಗಿ ಕೂರುವ ಜಾಗವನ್ನೇ ಎತ್ತರಿಸುತ್ತಾರೆ. ಅನುಕೂಲ ಪೈಪಿನದು, ಮಂಡಿ ದೊಡ್ಡಮ್ಮನದು. ಈ ಎತ್ತರಗಳ ವಿಷಯದಲ್ಲಿ ನನಗೆ ತಾಳ್ಮೆಯೇ ಇಲ್ಲ. ಎಲ್ಲಿ ಹೋದರೂ ಮೊದಲು ಮೆಟ್ಟಿಲು ನೋಡುತ್ತೇನೆ. ಸಿಟಿ ಬಸ್ಸಿನ ಮೊದಲ ಮೆಟ್ಟಿಲು ನೋಡಿ. ನಿಲ್ದಾಣದಿಂದ ಎರಡು ಮಾರು ದೂರ, ನಡುರಸ್ತೆಯಲ್ಲಿ ನಿಲ್ಲಿಸಿದರಂತೂ ಅದು ಅಜ್ಜಿಯರ ಮಂಡಿಯ ಮಟ್ಟಕ್ಕೆ ಬರುತ್ತದೆ. ಕೈಯಲ್ಲಿ ಚೀಲ, ಹಿಂದಿನಿಂದ ನೂಕು, ಕಂಡಕ್ಟರರ "ಬೇಗ ಹತ್ತಮ್ಮ". ತಗ್ಗು ನೆಲದ ಬಸ್ಸುಗಳು ಬಂದಾಗ ನಮ್ಮ ಬೀದಿಯ ಎಷ್ಟೋ ಹಿರಿಯರು ಮತ್ತೆ ಮಾರುಕಟ್ಟೆಗೆ ಹೋಗತೊಡಗಿದರು. ರೈಲಂತೂ ಹೇಳುವುದೇ ಬೇಡ, ಪ್ಲಾಟ್‌ಫಾರಂ ತಗ್ಗಿರುವ ಸಣ್ಣ ಸ್ಟೇಷನ್ನುಗಳಲ್ಲಿ ಹತ್ತುವುದೆಂದರೆ ಏಣಿ ಏರುವುದೇ. ಕಲ್ಯಾಣಮಂಟಪಗಳ ವೇದಿಕೆಗೆ ಹಿಡಿದು ಹತ್ತುವ ಕಂಬಿಯೇ ಇರುವುದಿಲ್ಲ, ಅಕ್ಷತೆ ಹಾಕಲು ಬಂದ ಅಜ್ಜ ಫೋಟೋದವನ ಭುಜ ಹಿಡಿದು ಹತ್ತಬೇಕು. ಸಾರ್ವಜನಿಕ ಕಟ್ಟಡಗಳಿಗಾದರೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಿದೆ, ಕೇಳಲು ಒಂದು ದಾರಿಯಿದೆ. ಮನೆಯೊಳಗಿನ ಬಚ್ಚಲ ಮೆಟ್ಟಿಲಿಗೆ ಯಾವ ಕಾಯ್ದೆಯೂ ಇಲ್ಲ. ಅಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡವರ ಬಗ್ಗೆ ನಾವು ಆಡುವುದು, ನೋಡಿಕೊಂಡು ಹೆಜ್ಜೆ ಇಡಬಾರದಿತ್ತೇ ಎಂಬ ಮಾತು. ಗಾರೆಯವನಿಗೆ ಒಂದಿಂಚು ತಗ್ಗಿಸಪ್ಪ ಎಂದು ಕಟ್ಟುವಾಗಲೇ ಹೇಳಿದ್ದರೆ ಸಾಕಿತ್ತು.

ಆದರೆ ಇದೇ ದೊಡ್ಡಮ್ಮ ಚಾಮುಂಡಿಬೆಟ್ಟವನ್ನು ಕಾಲ್ನಡಿಗೆಯಲ್ಲಿ ಹತ್ತುತ್ತಿದ್ದರು! ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಮೆಟ್ಟಿಲುಗಳವು, ಸಾವಿರದಷ್ಟಿವೆ. ಆಷಾಢ ಶುಕ್ರವಾರ ನಸುಕಿಗೇ ಹೊರಟು, ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತ, ನಂದಿಯ ಹತ್ತಿರ ಸುಧಾರಿಸಿಕೊಂಡು, ಹೊತ್ತೇರುವಷ್ಟರಲ್ಲಿ ಮೇಲಿರುತ್ತಿದ್ದರು. ಈಗಲೂ ಅಂಥ ಹೆಂಗಸರನ್ನು ಅಲ್ಲಿ ನೋಡುತ್ತೇನೆ. ಎಪ್ಪತ್ತು ದಾಟಿದವರು, ಬರಿಗಾಲು, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಅವರನ್ನು ಯಾರೂ ಬೇಗ ಹತ್ತಮ್ಮ ಎನ್ನುವುದಿಲ್ಲ. ಬೇಕಾದಲ್ಲಿ ಕೂರುತ್ತಾರೆ, ಗೊತ್ತಿಲ್ಲದವರ ಕೈಯನ್ನೂ ಹಿಡಿಯುತ್ತಾರೆ. ಭಕ್ತಿಯಿಂದ ಆಗುತ್ತದೆ ಎನ್ನುವವರಿದ್ದಾರೆ, ನಾನು ಇಲ್ಲ ಎನ್ನಲಾರೆ. ಆದರೆ ಆ ಕಲ್ಲು ಹಾಸಿದವರ ಕೈಚಳಕವೂ ಇದ್ದಿರಬೇಕು. ಬುಡದ ಮೆಟ್ಟಿಲುಗಳು ಕಡಿದು, ಮೇಲಕ್ಕೆ ಹೋದಂತೆ ಎಷ್ಟೋ ಕಡೆ ಅಗಲವಾಗಿ ತಗ್ಗಾಗುತ್ತವೆ. ದಣಿದ ಕಾಲಿಗೆ ಎಷ್ಟು ಎತ್ತರ ಸಾಕು ಎಂದು ಅವರು ಲೆಕ್ಕ ಹಾಕಿದ್ದರೋ, ಅಥವಾ ಬೆಟ್ಟದ ಇಳಿಜಾರೇ ಹಾಗಿದೆಯೋ? ಮುಂದಿನ ಆಷಾಢಕ್ಕೆ ಬಡಗಿಯ ಟೇಪು ತೆಗೆದುಕೊಂಡು ಹೋಗಿ, ಬುಡದ ಹತ್ತು, ನಂದಿಯ ಹತ್ತಿರದ ಹತ್ತು, ತುದಿಯ ಹತ್ತು ಮೆಟ್ಟಿಲುಗಳನ್ನು ಅಳೆದು ಬರೆದುಕೊಳ್ಳಬೇಕು.