ಅಪ್ಪನ ಜೇಬಲ್ಲಿ ಸಿಕ್ಕ ಚೀಟಿ

ನಮ್ಮಪ್ಪ ಲಾರಿ ಡ್ರೈವರ್. ಹುಬ್ಬಳ್ಳಿ–ಪುಣೆ ಲೈನ್. ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ಯಾರೋ "ಲಾರಿಯವರಿಗೆಲ್ಲ ಏಡ್ಸ್ ಇರುತ್ತೆ" ಅಂದಾಗ ನಾನೂ ನಕ್ಕಿದ್ದೆ. ಅಪ್ಪನ ಕೆಲಸ ಏನೆಂದು ಅಲ್ಲಿ ಯಾರಿಗೂ ಹೇಳಿರಲಿಲ್ಲ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನ ಅಂಗಿ ಒಗೆಯೋಕೆ ಹಾಕ್ತಿದ್ದೆ. ಜೇಬಲ್ಲಿ ಎಚ್‌ಐವಿ ಪರೀಕ್ಷೆಯ ಚೀಟಿ! ಎದೆ ಧಸಕ್ಕೆಂದಿತು.

"ನೆಗೆಟಿವ್ ಐತಿ, ಓದು" ಅಂದರು ಅಪ್ಪ, ಆರಾಮಾಗಿ. ಲಾರಿ ನಿಲ್ಲೋ ಜಾಗಕ್ಕೆ ಒಬ್ಬ ಅಕ್ಕಾರು ಬರ್ತಾರಂತೆ. ಹಿಂದೆ ಹೈವೇಯಲ್ಲೇ ಲೈಂಗಿಕ ವೃತ್ತಿಯಲ್ಲಿದ್ದವರು. ಈಗ ಕಾಂಡೋಮ್ ಹಂಚಿ, ಪರೀಕ್ಷೆಗೆ ಕರ್ಕೊಂಡು ಹೋಗ್ತಾರೆ. "ನಾಚ್ಕೊಂಡ್ರ ಮನಿಗೆ ರೋಗ ಒಯ್ತೀರಿ ಅಣ್ಣಾ ಅಂದ್ರು. ಖರೇ ಅನಿಸ್ತು. ನೀ ಯಾವಾಗರ ಮಾಡಿಸೀಯೇನು?"

ಸುಮ್ಮನಾದೆ. ಬೆಂಗಳೂರಲ್ಲಿ ಒಬ್ಬನೇ ಇದ್ದ ವರ್ಷಗಳು ನೆನಪಾದವು. ಎಲ್ಲ ಸಲವೂ ನಾನು ಎಚ್ಚರವಾಗಿರಲಿಲ್ಲ.

ಮುಂದಿನ ವಾರ ರಜೆ ಹಾಕಿ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಗೆ ಹೋದೆ. ಪರೀಕ್ಷೆ ಉಚಿತ. ಮೊದಲು ಕೌನ್ಸೆಲರ್ ಮಾತಾಡಿದರು: ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆಯಲ್ಲಿ ಕಾಣದಿರಬಹುದು. ಪಾಸಿಟಿವ್ ಬಂದರೂ ಎಆರ್‌ಟಿ ಮಾತ್ರೆ ಉಚಿತ. ದಿನಾ ತಪ್ಪದೆ ತಗೊಂಡರೆ ಎಲ್ಲರಂತೆ ಬದುಕಬಹುದು. ವಿಷಯ ಗುಟ್ಟಾಗಿಡಬೇಕೆಂದು 2017ರ ಕಾಯ್ದೆಯೇ ಹೇಳುತ್ತದೆ. ಹೋಗೋಕೆ ಅಳುಕಿದ್ದರೆ 1097ಕ್ಕೆ ಫೋನ್ ಮಾಡಿ ಕೇಳಬಹುದು.

ನೆಗೆಟಿವ್ ಬಂತು. ಮೊದಲು ಫೋನ್ ಮಾಡಿದ್ದು ಅಪ್ಪನಿಗೆ.

"ಚಲೋ ಆತು. ನಿನ್ನ ದೋಸ್ತರಿಗೂ ಹೇಳು" ಅಂದರು.

ಹೇಳಿದೆ. ನಮ್ಮಪ್ಪ ಲಾರಿ ಡ್ರೈವರ್ ಅನ್ನೋದನ್ನೂ ಸೇರಿಸಿ.